ಒಳಗಿದ್ದ ಕಲ್ಲು ಎಲ್ಲಿ ಹೋಯಿತು?

ಸಂಡೂರು ಸೀಮೆಯ ಬಂಡ್ರಿಯಿಂದ ಸಮುದ್ರ ನೋಡಲು ಹೊರಟರೆ ಒಂದಿಡೀ ಹಗಲು ಬಸ್ಸಿನಲ್ಲೇ ಕಳೆಯಬೇಕು. ಅಂಥ ಊರಿನ ಮಕ್ಕಳಿಗೆ ಕೊಲ್ಲಿ, ಗವಿಗಳ ವಿಚಾರ ಯಾಕೆ ಎಂದು ನೀವು ಕೇಳಬಹುದು. ಕ್ಯಾಲೆಂಡರಿನ ಚಿತ್ರಗಳಲ್ಲಿ ನೀಲಿ ನೀರಿನ ಪುಟ್ಟ ಕೊಲ್ಲಿ, ಮೇಲಿನಿಂದ ಬಿಸಿಲು ಇಳಿಯುವ ಗವಿ, ಅದರ ಮುಂದೆ ನಿಂತ ಪ್ರವಾಸಿಗರು. ಅವೆಲ್ಲ ಇರುವುದು ಇಟಲಿಯಲ್ಲಿ, ವಿಯೆಟ್ನಾಮಿನಲ್ಲಿ. ನಮ್ಮಲ್ಲಿರುವುದು ಕೆಂಪು ಧೂಳು, ಕರಿ ಬಂಡೆ.

ಆದರೆ ಗವಿ ಎಂದರೇನು ಹೇಳಿ? ಕಲ್ಲು ಇರಬೇಕಾದ ಜಾಗದಲ್ಲಿ ಕಲ್ಲು ಇಲ್ಲದಿರುವುದು, ಅಷ್ಟೇ. ಕೊಲ್ಲಿಯೂ ಹಾಗೆಯೇ: ನೆಲ ಇರಬೇಕಾದ ಕಡೆ ನೆಲ ಇಲ್ಲ, ನೀರು ಬಂದು ಕೂತಿದೆ. ಹಾಗಾಗಿ ಪ್ರಪಂಚದ ಯಾವ ಗವಿಯ ಮುಂದೆ ನಿಂತರೂ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ. ಒಳಗಿದ್ದ ಕಲ್ಲು ಎಲ್ಲಿ ಹೋಯಿತು? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊಸಪೇಟೆ, ಸಂಡೂರುಗಳಷ್ಟು ಒಳ್ಳೆಯ ಜಾಗ ಕಡಿಮೆ. ಹತ್ತಿರ ಹತ್ತಿರದಲ್ಲೇ ಎರಡು ಪೂರ್ತಿ ಬೇರೆ ಜಾತಿಯ ಕಲ್ಲುಗಳಿವೆ. ಹಂಪಿಯ ಕಡೆ ಗುಂಡುಗುಂಡಾದ ಬೂದು ಗ್ರಾನೈಟ್, ಸಂಡೂರಿನ ಕಡೆ ಪದರ ಪದರವಾದ ಕಬ್ಬಿಣದ ಕಲ್ಲು.

ಹಂಪಿಯಿಂದಲೇ ಶುರು ಮಾಡೋಣ. ಹೊಳೆಯ ದಂಡೆ ಹಿಡಿದು ವಿಠ್ಠಲ ಗುಡಿಯ ಕಡೆ ನಡೆಯುವಾಗ ಸುಗ್ರೀವನ ಗವಿ ಸಿಗುತ್ತದೆ. ರಾವಣ ಹೊತ್ತೊಯ್ಯುವಾಗ ಸೀತಮ್ಮ ಎಸೆದ ಒಡವೆಗಳನ್ನು ಸುಗ್ರೀವ ಇಲ್ಲಿ ಬಚ್ಚಿಟ್ಟಿದ್ದ ಎನ್ನುತ್ತಾರೆ. ಹತ್ತಿರದ ಹಾಸುಬಂಡೆಯ ಮೇಲೆ ಉದ್ದಕ್ಕೆ ಎಳೆದಂಥ ಪಟ್ಟೆಗಳಿವೆ, ಅವು ಸೀತಮ್ಮನ ಸೆರಗಿನ ಗುರುತಂತೆ. ಇಷ್ಟು ದೊಡ್ಡ ಗುಂಡುಗಳನ್ನು ಯಾರು ಒಂದರ ಮೇಲೊಂದು ಇಟ್ಟರು ಎಂದರೆ, ವಾಲಿ ಸುಗ್ರೀವರು ಕಾದಾಡುತ್ತ ಎಸೆದಾಡಿದರು ಎಂಬ ಉತ್ತರವೂ ತಯಾರಿದೆ. ಕತೆ ಚೆನ್ನಾಗಿದೆ, ಅದನ್ನು ಬಿಡಬೇಡಿ. ಆದರೆ ಭೂವಿಜ್ಞಾನಿಗಳು ಹೇಳುವುದು ಇದಕ್ಕಿಂತ ವಿಚಿತ್ರ: ಈ ಗುಂಡುಗಳಲ್ಲಿ ಹೆಚ್ಚಿನವನ್ನು ಯಾರೂ ತಂದಿಟ್ಟಿಲ್ಲ, ಅವು ಎಲ್ಲಿಂದಲೂ ಉರುಳಿ ಬಂದಿಲ್ಲ. ಇದ್ದಲ್ಲೇ ದುಂಡಗಾದವು.

ಹೇಗೆ? ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ಕರಗಿದ ಕಲ್ಲು ಮೇಲೇರಿ, ಹೊರಗೆ ಬರಲಾಗದೆ ಅಲ್ಲೇ ತಣ್ಣಗಾಯಿತು. ಅದೇ ಗ್ರಾನೈಟ್. ಇದೇ ಕಲ್ಲಿನ ಪಟ್ಟಿ ತೆಂಕಣಕ್ಕೆ ರಾಮನಗರದ ಬೆಟ್ಟಗಳವರೆಗೂ ಹಬ್ಬಿದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಹಾಗಾಗಿ ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಪ್ರಪಂಚದ ಭೂವಿಜ್ಞಾನಿಗಳೆಲ್ಲ ಕರೆಯುತ್ತಾರೆ. ತಣ್ಣಗಾಗುವಾಗ ಕಲ್ಲು ಕುಗ್ಗಿ ಬಿರುಕು ಬಿಟ್ಟಿತು. ಕಾಲಕ್ರಮೇಣ ಮೇಲಿದ್ದ ನೆಲ ಸವೆದು ಭಾರ ಇಳಿದಾಗ ಇನ್ನಷ್ಟು ಬಿರುಕುಗಳಾದವು. ಉದ್ದಕ್ಕೆ, ಅಡ್ಡಕ್ಕೆ, ಲಂಬಕ್ಕೆ ಬಿರುಕು ಬಿದ್ದರೆ ಏನಾಗುತ್ತದೆ? ಇಡೀ ಬೆಟ್ಟ ಒಳಗೊಳಗೇ ಚೌಕ ಚೌಕ ತುಂಡಾಗುತ್ತದೆ.

ಇನ್ನು ನೀರಿನ ಕೆಲಸ. ಮಳೆನೀರು ಆ ಬಿರುಕುಗಳಲ್ಲಿ ಇಳಿಯುತ್ತದೆ. ಗ್ರಾನೈಟನ್ನು ಹತ್ತಿರದಿಂದ ನೋಡಿದರೆ ಮೂರು ಬಗೆಯ ಕಣಗಳು ಕಾಣುತ್ತವೆ: ಗಾಜಿನ ಹಾಗೆ ಹೊಳೆಯುವ ಸ್ಫಟಿಕಶಿಲೆ, ಗುಲಾಬಿ ಅಥವಾ ಬಿಳಿ ಬಣ್ಣದ ಫೆಲ್ಡ್‌ಸ್ಪಾರ್, ಮಿಣುಕುವ ಕಪ್ಪು ಅಭ್ರಕ. ಮೊದಲನೆಯದಕ್ಕೆ ನೀರು ಏನೂ ಮಾಡಲಾರದು. ಫೆಲ್ಡ್‌ಸ್ಪಾರ್ ಮಾತ್ರ ನೀರಿನ ಸಂಗ ಬಹಳ ಕಾಲ ತಾಳದೆ ಜೇಡಿಮಣ್ಣಾಗುತ್ತದೆ. ಕಣಗಳನ್ನು ಹಿಡಿದಿಟ್ಟಿದ್ದ ಬಿಗಿ ಹೋಯಿತೆಂದರೆ ಕಲ್ಲು ಗರಸಾಗಿ ಉದುರುತ್ತದೆ. ಚೌಕದ ಮುಖಕ್ಕೆ ಒಂದೇ ಕಡೆಯಿಂದ ನೀರು ತಾಗಿದರೆ ಮೂಲೆಗೆ ಮೂರು ಕಡೆಯಿಂದ ತಾಗುತ್ತದೆ. ಹಾಗಾಗಿ ಮೂಲೆ ಮೊದಲು ಸವೆಯುತ್ತದೆ. ಕಲ್ಲುಸಕ್ಕರೆಯ ಚೂರನ್ನು ಬಾಯಲ್ಲಿಟ್ಟು ಸ್ವಲ್ಪ ಹೊತ್ತಿಗೆ ಹೊರಗೆ ತೆಗೆದು ನೋಡಿ, ಮೂಲೆಗಳೇ ಇರುವುದಿಲ್ಲ. ನೆಲದೊಳಗೆ ಇದೇ ಕೆಲಸ ಲಕ್ಷಾಂತರ ವರ್ಷ ನಡೆದರೆ ಗರಸಿನ ನಡುವೆ ದುಂಡು ಬಂಡೆಗಳು ಹುದುಗಿರುತ್ತವೆ. ಆಮೇಲೆ ಮಳೆ, ಹೊಳೆ ಸೇರಿ ಆ ಗರಸನ್ನು ತೊಳೆದುಕೊಂಡು ಹೋದಾಗ ಗುಂಡುಗಳು ಒಂದರ ಮೇಲೊಂದು ಕುಳಿತುಬಿಡುತ್ತವೆ. ನಡುವಿನ ಸಂದುಗಳೇ ಗವಿಗಳು.

ಅಂದರೆ ಸುಗ್ರೀವನ ಗವಿಯಲ್ಲಿ ಒಂದು ಕಾಲಕ್ಕೆ ತುಂಬಿದ್ದದ್ದು ಗರಸು ಮತ್ತು ಜೇಡಿ. ಅದು ತುಂಗಭದ್ರೆ ಸೇರಿತು. ಒಂದಿಷ್ಟು ಕಂಪ್ಲಿ ಕಡೆಯ ಗದ್ದೆಗಳಲ್ಲಿ ಮಣ್ಣಾಗಿ ಕೂತಿರಬೇಕು, ಉಳಿದದ್ದು ಕೃಷ್ಣೆಯ ಕೂಡ ಬಂಗಾಳ ಕೊಲ್ಲಿಗೆ ಹೋಯಿತು. ಹೊಳೆ ಅಷ್ಟೊಂದು ಮಣ್ಣು ಹೊರುತ್ತದೆಯೇ ಎಂಬ ಅನುಮಾನ ಬಂದರೆ ಹೊಸಪೇಟೆಯ ಅಣೆಕಟ್ಟನ್ನು ಕೇಳಿ. 1953ರಲ್ಲಿ ಮೊದಲು ನೀರು ನಿಲ್ಲಿಸಿದಾಗ ಅದು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ ಹಿಡಿಯುವುದು 105ರ ಆಸುಪಾಸು. ಕಡಿಮೆಯಾದಷ್ಟು ಜಾಗದಲ್ಲಿ ಹೂಳು ತುಂಬಿದೆ. ಮೇಲಿನ ಸೀಮೆಯ ಬೆಟ್ಟ, ಹೊಲಗಳು ನಮ್ಮ ಅಜ್ಜಂದಿರ ಕಾಲದಿಂದ ಇಲ್ಲಿಯವರೆಗೆ ಕಳಿಸಿದ ಮಣ್ಣು ಅದು.

ಇಂಥ ಗವಿಗಳಲ್ಲಿ ಬಾಡಿಗೆ ಕೊಡದೆ ಇರುವವರು ಕರಡಿಗಳು. ಹಂಪಿಗೂ ಸಂಡೂರಿಗೂ ನಡುವೆ ಇರುವ ದರೋಜಿ ಕರಡಿಧಾಮವನ್ನು 1994ರಲ್ಲಿ ಮಾಡಿದ್ದು ಇವುಗಳಿಗಾಗಿಯೇ. ಅಲ್ಲಿನ ಬಂಡೆಗುಡ್ಡಗಳ ಸಂದುಗಳಲ್ಲಿ ಕರಡಿ ಹಗಲೆಲ್ಲ ಮಲಗಿ, ಬಿಸಿಲು ಇಳಿದ ಮೇಲೆ ಗೆದ್ದಲು ಹುತ್ತ ಹುಡುಕುತ್ತ ಹೊರಡುತ್ತದೆ. ಅದರ ಮೇಲ್ದವಡೆಯ ಮುಂಭಾಗದಲ್ಲಿ ನಡುವಿನ ಎರಡು ಹಲ್ಲುಗಳೇ ಇಲ್ಲ. ಆ ಸಂದಿನಲ್ಲಿ ಗೆದ್ದಲನ್ನು ಸೊರ್ರನೆ ಎಳೆದುಕೊಳ್ಳುತ್ತದೆ, ಸದ್ದು ದೂರಕ್ಕೂ ಕೇಳುತ್ತದೆ. ತಾಯಿ ಮರಿ ಹಾಕುವುದೂ ಗವಿಯಲ್ಲೇ, ಮರಿಗಳು ಹೊರಗೆ ಬರುವುದು ಅವಳ ಬೆನ್ನೇರಿ. ಹಳದಿ ಕತ್ತಿನ ಪಿಕಳಾರ ಎಂಬ ಅಪರೂಪದ ಹಕ್ಕಿಗೂ ಇಂಥ ಬಂಡೆಗುಡ್ಡಗಳೇ ಬೇಕು.

ಕರಡಿಗೆ ಗವಿ ಯಾಕೆ ಬೇಕು? ಬಳ್ಳಾರಿ ಸೀಮೆಯ ಬೇಸಿಗೆ ನಿಮಗೆ ಗೊತ್ತು, ಏಪ್ರಿಲಿನಲ್ಲಿ ನಲವತ್ತು ಡಿಗ್ರಿ ದಾಟುತ್ತದೆ. ಬಂಡೆಯ ಮೈ ಹಗಲಿಗೆ ಕಾದರೂ ಆ ಕಾವು ಒಳಗಿನವರೆಗೆ ಇಳಿಯಲು ಬಹಳ ಹೊತ್ತು ಬೇಕು, ಅಷ್ಟರೊಳಗೆ ರಾತ್ರಿಯಾಗಿ ಹೊರಮೈ ಆರಿರುತ್ತದೆ. ಹೀಗಾಗಿ ಬಂಡೆಯ ಒಳಗಿನ ಜಾಗಕ್ಕೆ ಮಧ್ಯಾಹ್ನ ಎಂಬುದೇ ಮುಟ್ಟುವುದಿಲ್ಲ. ಜತೆಗೆ ಗುಂಡುಗಳ ನಡುವಿನ ಸಂದುಗಳಲ್ಲಿ ಗಾಳಿ ಸುಳಿದಾಡುತ್ತಲೇ ಇರುತ್ತದೆ. ತಂಪಾಗಿದೆ ಅಂತ ನೀವೂ ನುಗ್ಗಬೇಡಿ ಮತ್ತೆ. ಊರ ಹೊರಗಿನ ಗುಡ್ಡದಲ್ಲಿ ಗೊತ್ತಿಲ್ಲದ ಗವಿ ಕಂಡರೆ ಕರಡಿಯದೋ ಚಿರತೆಯದೋ ಎಂದು ತಿಳಿದೇ ದೂರ ನಿಲ್ಲಬೇಕು. ಕುರಿ ಕಾಯುವವರು ನಿಮಗಿಂತ ಚೆನ್ನಾಗಿ ಬಲ್ಲರು, ಅವರ ಮಾತು ಕೇಳಿ.

ಕರಡಿಗಳ ಹಾಗೆ ಮನುಷ್ಯರೂ ಈ ಬಂಡೆಗಳ ನೆರಳಿಗೆ ಬಂದಿದ್ದರು. ಆನೆಗೊಂದಿಯ ಹತ್ತಿರ ಒನಕೆ ಕಿಂಡಿ ಎಂಬ ಜಾಗವಿದೆ. ಅಲ್ಲಿನ ಬಂಡೆಯ ಮೈಮೇಲೆ ಗುಡಿಗಳೂ ಕೋಟೆಗಳೂ ಹುಟ್ಟುವ ಎಷ್ಟೋ ಮೊದಲಿನವರು ಮನುಷ್ಯರನ್ನು, ದನಗಳನ್ನು ಬರೆದಿಟ್ಟಿದ್ದಾರೆ. ಗಂಗಾವತಿ ಕಡೆಯ ಹಿರೇಬೆಣಕಲ್ಲಿನಲ್ಲಿ ಕಲ್ಲುಚಪ್ಪಡಿಗಳ ಹಳೆಯ ಸಮಾಧಿಗಳ ಜತೆಗೆ ಇಂಥ ಚಿತ್ರಗಳೂ ಇವೆ. ಮಳೆ ನೇರವಾಗಿ ಬಡಿಯದಂತೆ ಬಂಡೆಯೇ ಛಾವಣಿಯಾಗಿ ಬಾಗಿರುವುದರಿಂದ ಅವು ಉಳಿದವು. ಇಂಥ ಚಿತ್ರಗಳ ಕೆಂಪು ಬಣ್ಣ ಸಾಮಾನ್ಯವಾಗಿ ಕೆಮ್ಮಣ್ಣು. ಕೆಮ್ಮಣ್ಣಿನ ಕೆಂಪು ಕಬ್ಬಿಣದ್ದು. ಈ ಕಬ್ಬಿಣದ ಮಾತಿಗೆ ಆಮೇಲೆ ಬರುತ್ತೇನೆ.

ಹಂಪಿಯ ಗವಿಗಳಿಗೆ ಒಂದು ಕೊರತೆಯಿದೆ. ಅವು ಚಿಕ್ಕವು. ನೀವು ಸಿನಿಮಾದಲ್ಲಿ ನೋಡುವಂಥ, ಪಂಜು ಹಿಡಿದು ಮೈಲಿಗಟ್ಟಲೆ ನಡೆಯುವ ಗವಿ ಬೇಕಾದರೆ ಗ್ರಾನೈಟ್ ಸಾಲದು, ಸುಣ್ಣದ ಕಲ್ಲು ಬೇಕು. ಅದಕ್ಕಾಗಿ ವಿಯೆಟ್ನಾಮಿಗೆ ಹೋಗಬೇಕಿಲ್ಲ. ಬಳ್ಳಾರಿ ದಾಟಿ ಆಂಧ್ರದ ತಾಡಪತ್ರಿ ಕಡೆ ಹೋದರೆ ಬೇಲಂ ಗುಹೆಗಳು ಸಿಗುತ್ತವೆ. ಹೊರಗಿನಿಂದ ನೋಡಿದರೆ ಅಲ್ಲಿ ಬೆಟ್ಟವೂ ಇಲ್ಲ, ಗುಡ್ಡವೂ ಇಲ್ಲ. ಸಪಾಟು ಹೊಲದ ನಡುವೆ ಬಾವಿಯಂಥ ಬಾಯಿ. ಇಳಿದರೆ 3,229 ಮೀಟರ್ ಉದ್ದದ ಗುಹೆ. ಅದರ ಅತಿ ಆಳದ ಜಾಗದ ಹೆಸರು ಪಾತಾಳಗಂಗೆ.

ಸುಣ್ಣದ ಕಲ್ಲು ಹೇಗೆ ಗವಿಯಾಗುತ್ತದೆ ಎಂದು ತಿಳಿಯಲು ನಿಮ್ಮ ಅಡುಗೆಮನೆ ಸಾಕು. ಕಟ್ಟೆಗೆ ಕರಿ ಕಡಪಾ ಕಲ್ಲು ಹಾಕಿಸಿದ್ದರೆ ಅಮ್ಮ ಒಂದು ಮಾತು ಹೇಳಿರುತ್ತಾರೆ: ನಿಂಬೆಹಣ್ಣು ಕೊಯ್ದು ಹಾಗೇ ಬಿಡಬೇಡ, ಕಲೆಯಾಗುತ್ತದೆ. ಅದು ಅಂಟಿದ ಕಲೆಯಲ್ಲ. ಕಡಪಾ ಕಲ್ಲು ಸುಣ್ಣದ ಕಲ್ಲಿನ ಜಾತಿ, ಹುಳಿ ಬಿದ್ದಲ್ಲಿ ಅದರ ಮೈ ಒಂದು ಎಳೆ ಕರಗಿ ಹೊಳಪು ಹೋಗಿರುತ್ತದೆ. ಕಟ್ಟೆ ಹಾಳುಮಾಡಿ ಬೈಸಿಕೊಳ್ಳುವುದು ಬೇಡ, ಒಂದು ಮೊಟ್ಟೆಯ ಚಿಪ್ಪನ್ನು ಲೋಟದಲ್ಲಿಟ್ಟು ಮುಳುಗುವಷ್ಟು ನಿಂಬೆರಸ ಹಾಕಿ. ಗುಳ್ಳೆ ಏಳುತ್ತದೆ. ಚಿಪ್ಪೂ ಸುಣ್ಣದ ಕಲ್ಲೂ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಮರುದಿನ ನೋಡಿದರೆ ಚಿಪ್ಪು ತೆಳ್ಳಗೆ, ಮೆತ್ತಗೆ ಆಗಿರುತ್ತದೆ. ಮಳೆನೀರಿನಲ್ಲಿ ನಿಂಬೆರಸ ಇಲ್ಲ ನಿಜ, ಆದರೆ ಗಾಳಿಯಲ್ಲೂ ಮಣ್ಣಿನಲ್ಲೂ ಇರುವ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ಅದು ಚೂರೇ ಚೂರು ಹುಳಿಯಾಗುತ್ತದೆ. ನಾಲಿಗೆಗೆ ಗೊತ್ತಾಗದಷ್ಟು ಹುಳಿ, ಕಲ್ಲಿಗೆ ಮಾತ್ರ ಗೊತ್ತಾಗುತ್ತದೆ. ಇಲ್ಲಿ ಗರಸೂ ಉಳಿಯುವುದಿಲ್ಲ, ಕಲ್ಲು ನೀರಿನಲ್ಲೇ ಕರಗಿ, ಕಣ್ಣಿಗೆ ಕಾಣದಂತೆ ಹರಿದುಹೋಗುತ್ತದೆ. ಆ ಕರಗಿದ ಸುಣ್ಣವೇ ಮತ್ತೊಂದು ಕಡೆ ಛಾವಣಿಯಿಂದ ಹನಿಹನಿಯಾಗಿ ತೊಟ್ಟಿಕ್ಕಿ ಗಟ್ಟಿಯಾದರೆ ಗವಿಯಲ್ಲಿ ನೇತಾಡುವ ಕಲ್ಲಿನ ಗೊಂಚಲು.

ಬೇಲಂ ಒಳಗೆ ಹೋದವರು ಬೆವರಿ ತೊಪ್ಪೆಯಾಗಿ ಬರುತ್ತಾರೆ. ಗವಿ ತಂಪಲ್ಲವೇ, ಇದೇನು? ನೆಲದ ಆಳದಲ್ಲಿ ಬೇಸಿಗೆಯೂ ಇಲ್ಲ, ಚಳಿಗಾಲವೂ ಇಲ್ಲ. ವರ್ಷದ ಸರಾಸರಿ ಕಾವು ಎಷ್ಟೋ ಅಷ್ಟೇ ಯಾವಾಗಲೂ ಇರುತ್ತದೆ, ಮತ್ತು ನಮ್ಮ ಸೀಮೆಯ ಸರಾಸರಿಯೇನೂ ಕಡಿಮೆಯಲ್ಲ. ಸಾಲದ್ದಕ್ಕೆ ಗಾಳಿ ಆಡುವುದಿಲ್ಲ, ತೇವ ಬಹಳ, ಮೈಮೇಲಿನ ಬೆವರು ಆರುವುದೇ ಇಲ್ಲ. ಅದಕ್ಕೇ ಪ್ರವಾಸಿಗರಿಗಾಗಿ ಮೇಲಿನಿಂದ ಒಳಕ್ಕೆ ಗಾಳಿ ಊದುವ ವ್ಯವಸ್ಥೆ ಮಾಡಿದ್ದಾರೆ.

1884ರಲ್ಲಿ ಬೇಲಂ ಬಗ್ಗೆ ಬರೆದಿಟ್ಟವರು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ. ನೂರು ವರ್ಷ ಯಾರೂ ಆ ಕಡೆ ಹೆಚ್ಚು ತಲೆ ಹಾಕಲಿಲ್ಲ. 1982–83ರಲ್ಲಿ ಡೇನಿಯಲ್ ಗೆಬಾಯರ್ ಎಂಬವರ ಜರ್ಮನ್ ತಂಡ ಬಂದು ಒಳಗೆಲ್ಲ ಅಳೆಯಿತು. ಈ ಫೂಟ್ ನಮಗೂ ಪರಿಚಿತರೇ. ಸಂಡೂರಿನ ಬೆಟ್ಟಗಳನ್ನು ಹತ್ತಿಳಿದು, ಬಳ್ಳಾರಿ ಜಿಲ್ಲೆಯ ಕಲ್ಲುಗಳ ಮೇಲೆ ದೊಡ್ಡದೊಂದು ಪುಸ್ತಕ ಬರೆದು 1895ರಲ್ಲಿ ಹೊರತಂದವರು ಅವರೇ. ಕುದುರೆ, ಎತ್ತಿನಗಾಡಿಗಳ ಕಾಲದಲ್ಲಿ ಒಬ್ಬ ಮನುಷ್ಯ ಅಷ್ಟು ಕಲ್ಲು ಕುಟ್ಟಿ ನೋಡಿದ್ದು ನನಗಂತೂ ಇವತ್ತಿಗೂ ಸೋಜಿಗ.

ವಿಯೆಟ್ನಾಮಿನ ಸನ್ ಡೂಂಗ್ ಗುಹೆಯೂ ಸುಣ್ಣದ ಕಲ್ಲಿನದೇ. ಈವರೆಗೆ ಗೊತ್ತಿರುವ ಗುಹೆಗಳಲ್ಲೆಲ್ಲ ಅದರ ಹರವು ದೊಡ್ಡದು. ಕೆಲವು ಕಡೆ ನೆಲದಿಂದ ಛಾವಣಿಗೆ 200 ಮೀಟರ್. ಛಾವಣಿ ಕುಸಿದ ಕಡೆ ಬಿಸಿಲು ಇಳಿದು ಒಳಗೇ ಕಾಡು ಬೆಳೆದಿದೆ. 1990ರ ಸುಮಾರಿಗೆ ಹೊ ಖಾನ್ ಎಂಬ ಆ ಊರಿನವರು ಕಾಡಿನಲ್ಲಿ ಮಳೆಗೆ ಸಿಕ್ಕಿ ಬಂಡೆಯ ಮರೆಗೆ ನಿಂತಾಗ ಒಳಗಿನಿಂದ ಗಾಳಿ ಬೀಸಿತು, ಹೊಳೆಯ ಭೋರ್ಗರೆತ ಕೇಳಿತು. ಆಮೇಲೆ ಎಷ್ಟು ಹುಡುಕಿದರೂ ಬಾಯಿ ಸಿಗಲಿಲ್ಲ. ಸಿಕ್ಕಿದ್ದು 2008ರಲ್ಲಿ. ಮರುವರ್ಷ ಬ್ರಿಟನ್ನಿನ ಗುಹಾಶೋಧಕರನ್ನು ಅವರೇ ಕರೆದೊಯ್ದು ತೋರಿಸಿದರು.

ಇನ್ನು ಸಮುದ್ರ. ಗೋಕರ್ಣದ ಓಂ ಬೀಚಿಗೆ ಹೋದವರು ಎರಡು ಅರ್ಧಚಂದ್ರಗಳು ಕೂಡಿದಂಥ ದಂಡೆಯನ್ನು ನೋಡಿರುತ್ತೀರಿ. ಬಂಡೆಯ ಮೂತಿಗಳು ಸಮುದ್ರಕ್ಕೆ ಚಾಚಿವೆ, ನಡುವೆ ಮರಳಿನ ಪುಟ್ಟ ಕೊಲ್ಲಿಗಳು. ತೆರೆ ದಂಡೆಗೆ ಬರುವಾಗ ನೀರು ಆಳ ಕಡಿಮೆಯಾದ ಕಡೆ ಅದರ ವೇಗ ತಗ್ಗುತ್ತದೆ. ಬಂಡೆಯ ಮೂತಿಯ ಎದುರು ಆಳ ಮೊದಲೇ ಕಡಿಮೆ, ಅಲ್ಲಿ ತೆರೆ ತಡವರಿಸಿ ಎರಡೂ ಕಡೆಯಿಂದ ಮೂತಿಯತ್ತ ಬಾಗುತ್ತದೆ. ಬಡಿತವೆಲ್ಲ ಮೂತಿಗೆ. ಕೊಲ್ಲಿಯೊಳಗೆ ಬರುವ ತೆರೆ ಹರಡಿ ಸೊರಗಿರುತ್ತದೆ, ಮರಳನ್ನು ಅಲ್ಲೇ ಇಳಿಸುತ್ತದೆ. ಮೀನುಗಾರರ ದೋಣಿಗಳು ಇಂಥ ಮರೆಗಳನ್ನೇ ಹುಡುಕುವುದು ಸುಮ್ಮನೆ ಅಲ್ಲ.

ಇಟಲಿಯ ಕಾಪ್ರಿ ದ್ವೀಪದಲ್ಲಿ ನೀಲಿ ಗವಿ ಎಂದೊಂದಿದೆ. ದೋಣಿ ಹೋಗುವ ಬಾಯಿ ಎಷ್ಟು ತಗ್ಗೆಂದರೆ ಕೂತವರೆಲ್ಲ ಮಲಗಬೇಕು. ಬೆಳಕು ಹೆಚ್ಚಾಗಿ ಬರುವುದು ನೀರಿನಡಿಯ ಇನ್ನೊಂದು ದೊಡ್ಡ ಕಿಂಡಿಯಿಂದ, ನೀರು ಆ ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನಷ್ಟೇ ಒಳಗೆ ಬಿಡುತ್ತದೆ.

ಆದರೆ ನಮಗೆ ಬೇಕಾದದ್ದು ಇಂಗ್ಲೆಂಡಿನ ದಕ್ಷಿಣ ದಂಡೆಯ ಲಲ್‌ವರ್ತ್ ಕೊಲ್ಲಿ. ಅಲ್ಲಿ ದಂಡೆಯುದ್ದಕ್ಕೂ ಗಟ್ಟಿ ಸುಣ್ಣದ ಕಲ್ಲಿನ ಗೋಡೆ, ಅದರ ಹಿಂದೆ ಮೆತ್ತನೆಯ ಜೇಡಿ. ಗೋಡೆಯ ಒಂದು ಕಡೆ ಕಿಂಡಿ ಬಿದ್ದಿದ್ದೇ ತಡ, ಸಮುದ್ರ ಒಳನುಗ್ಗಿ ಜೇಡಿಯನ್ನು ಎರಡೂ ಬದಿಗೆ ಕೊರೆಯಿತು. ಹಿಂದಿನ ಸೀಮೆಸುಣ್ಣದ ಬೆಟ್ಟ ಅಡ್ಡ ಬಂದಾಗ ಅದರ ವೇಗ ತಗ್ಗಿತು. ಕಿರಿದಾದ ಬಾಯಿ, ಒಳಗೆ ದುಂಡನೆಯ ನೀರು. ಪಕ್ಕದಲ್ಲೇ ಸ್ಟೇರ್ ಹೋಲ್ ಎಂಬ ಕಡೆ ಸಮುದ್ರ ಈಗಷ್ಟೇ ಗೋಡೆ ತೂತು ಮಾಡಿ ಕೆಲಸ ಶುರು ಮಾಡಿದೆ, ಅದು ಕೊಲ್ಲಿಯ ಬಾಲ್ಯ.

ಈಗ ಸಂಡೂರಿನ ನಕ್ಷೆ ತೆಗೆಯಿರಿ. ಎರಡು ಉದ್ದನೆಯ ಬೆಟ್ಟಸಾಲು, ನಡುವೆ ಕಣಿವೆ, ಸುತ್ತ ಗೋಡೆ. ಗೋಡೆ ಒಡೆದಿರುವುದು ಭೀಮಗಂಡಿ, ಉಬ್ಬಲಗಂಡಿಗಳಂಥ ಕೆಲವೇ ಕಡೆ. ಕಣಿವೆಯ ನೀರನ್ನೆಲ್ಲ ಕೂಡಿಸಿಕೊಂಡ ನಾರಿಹಳ್ಳ ಭೀಮಗಂಡಿಯಿಂದ ಹೊರಬಿದ್ದು ದರೋಜಿಯ ಕಡೆ ಹೋಗುತ್ತದೆ. ಬೆಟ್ಟಸಾಲುಗಳಲ್ಲಿ ಕಬ್ಬಿಣ ಬೆರೆತ ಗಟ್ಟಿ ಪದರಗಳು, ಒಳಗೆ ಅದಕ್ಕಿಂತ ಮೆತ್ತಗಿನ ಕಲ್ಲು. ಮೆತ್ತಗಿನದು ಸವೆದು ಗಂಡಿಯ ಬಾಯಿಂದ ಹೊರಗೆ ಹೋಯಿತು, ಗಟ್ಟಿಯದು ಗೋಡೆಯಾಗಿ ನಿಂತಿತು. ಲಲ್‌ವರ್ತಿನಲ್ಲಿ ಸಮುದ್ರ ಮಾಡಿದ ಕೆಲಸವನ್ನು ಇಲ್ಲಿ ಮಳೆ ಮತ್ತು ಹಳ್ಳ ಮಾಡಿವೆ, ನುಗ್ಗುವ ಬದಲು ಹೊರಗೆ ಎಳೆದಿವೆ. ನನ್ನನ್ನು ಕೇಳಿದರೆ ಸಂಡೂರು ಸಮುದ್ರವಿಲ್ಲದ ಕೊಲ್ಲಿ.

ಸಣ್ಣ ಹಳ್ಳವೊಂದು ಅಷ್ಟು ಗಟ್ಟಿ ಗೋಡೆಯನ್ನೇ ಕೊರೆದದ್ದು ಹೇಗೆ, ಸುತ್ತಿ ಹೋಗಬಾರದಿತ್ತೇ? ಇಂಥ ಗಂಡಿಗಳಿಗೆ ಭೂವಿಜ್ಞಾನದಲ್ಲಿ ಒಂದು ವಿವರಣೆಯಿದೆ. ಹಳ್ಳ ಹರಿಯಲು ಶುರುಮಾಡಿದಾಗ ಗೋಡೆ ಎಂಬುದೇ ಕಣ್ಣಿಗೆ ಬಿದ್ದಿರಲಿಲ್ಲ, ನೆಲವೆಲ್ಲ ಎತ್ತರದಲ್ಲಿತ್ತು. ಹಳ್ಳ ತನ್ನ ದಾರಿಯಲ್ಲಿ ಕೆಳಗಿಳಿಯುತ್ತ ಹೋದಂತೆ ಅಕ್ಕಪಕ್ಕದ ಮೆತ್ತನೆಯ ನೆಲ ಸವೆದು ಗಟ್ಟಿ ಸಾಲು ಎದ್ದು ಕಂಡಿತು. ಅಷ್ಟು ಹೊತ್ತಿಗೆ ಹಳ್ಳ ಅದರೊಳಗೆ ಗರಗಸ ಹಾಕಿಬಿಟ್ಟಿತ್ತು.

ಇನ್ನೂ ಹಿಂದಕ್ಕೆ ಹೋದರೆ ಸಮುದ್ರವೂ ಸಿಗುತ್ತದೆ. ಸುಮಾರು 270 ಕೋಟಿ ವರ್ಷದ ಈ ಕಬ್ಬಿಣದ ಪದರಗಳು ಕೂತದ್ದು ಕಡಲ ತಳದಲ್ಲಿ. ಆಗಿನ ಕಡಲ ನೀರಿನಲ್ಲಿ ಕಬ್ಬಿಣ ಕರಗಿತ್ತು. ಅದು ಆಮ್ಲಜನಕದೊಂದಿಗೆ ಕೂಡಿ ತಳಕ್ಕೆ ಇಳಿದು ಪದರವಾಯಿತು. ಆ ಕಾಲದ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಎಂಬ ಪದರಗಲ್ಲುಗಳೂ ಸಂಡೂರಿನಲ್ಲಿ ಸಿಕ್ಕಿವೆ.

ಈಗ ಅದೇ ಗೋಡೆಯನ್ನು ಅದಿರಿಗಾಗಿ ಅಗೆಯುತ್ತಿದ್ದಾರೆ. ದೋಣಿಮಲೆ, ಕುಮಾರಸ್ವಾಮಿ, ರಾಮಘಡದ ಗಣಿಗಳ ಹೆಸರು ನಿಮ್ಮ ಮನೆಗಳಲ್ಲಿ ದಿನಾ ಕೇಳುತ್ತದೆ. ಮಿತಿಮೀರಿ ಅಗೆದದ್ದಕ್ಕೆ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತ್ತು, ಆಮೇಲೆ ಮಿತಿ ಹಾಕಿ ಬಿಟ್ಟಿತು. ಹಳ್ಳಕ್ಕೆ ಲಕ್ಷಾಂತರ ವರ್ಷ ಹಿಡಿದ ಕೆಲಸ ಲಾರಿಗೆ ಎಷ್ಟು ದಿನದ್ದು ಎಂಬುದನ್ನು ನೀವೇ ಲೆಕ್ಕ ಹಾಕಿ. ಗಣಿಯ ಹೊಂಡಗಳ ಹತ್ತಿರ ಹೋಗಬೇಡಿ, ಅಂಚು ಕುಸಿಯುತ್ತದೆ.

ಆ ಕಬ್ಬಿಣವನ್ನು ಗುರುತಿಸಿ ನೋಡಲು ದಾರಿಬದಿಯಲ್ಲೇ ಸಿಗುವ ಭಾರವಾದ ಕಪ್ಪು ಕಲ್ಲೊಂದು ಸಾಕು. ಮನೆಯ ಹಳೆಯ ಟೈಲ್ಸ್ ಚೂರಿದ್ದರೆ ಅದರ ಹೊಳಪಿಲ್ಲದ ಹಿಂಬದಿಗೆ ಕಲ್ಲನ್ನು ಒತ್ತಿ ಎಳೆಯಿರಿ. ಕಲ್ಲು ಕಪ್ಪಗಿದ್ದರೂ ಗೆರೆ ಕೆಂಪಗೆ ಬಿದ್ದರೆ ಅದು ಹೆಮಟೈಟ್, ಒನಕೆ ಕಿಂಡಿಯ ಮಾತಿನಲ್ಲಿ ಹೇಳಿದ ಕೆಮ್ಮಣ್ಣಿಗೆ ಬಣ್ಣ ಕೊಡುವ ಖನಿಜ. ಗೆರೆ ಕಪ್ಪಗೇ ಬಿದ್ದು, ಅಯಸ್ಕಾಂತವೂ ಗಟ್ಟಿಯಾಗಿ ಅಂಟಿದರೆ ಮ್ಯಾಗ್ನೆಟೈಟ್. ಗೆರೆಯೇ ಬೀಳದೆ ಟೈಲ್ಸೇ ಗೀಚಿಹೋದರೆ ನಿಮ್ಮ ಕೈಯಲ್ಲಿರುವುದು ಸ್ಫಟಿಕಶಿಲೆ ಇರಬೇಕು.